ಬಿಡಿಭಾಗಗಳ ಪಟ್ಟಿಯಲ್ಲಿ ಬರಾಕಾ

ಪುಣೆ ನಗರದಲ್ಲಿ ವಿದೇಶೀ ಪ್ರಜೆಯೊಬ್ಬ ನೂರು ಸಿಸಿಯ ಮೋಟರ್ ಸೈಕಲ್ ಹೊಂದಲು ಹಾಗೂ ಓಡಿಸಲು ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ. ಹೀಗೆಂದು ಸಾರಿಗೆ ಉಪಕಚೇರಿಯ ಗೋಡೆಯ ಮೇಲೆ ಮೂರು ಭಾಷೆಗಳಲ್ಲಿ ಬರೆಸಿದ್ದಾರೆ. ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂರುವ ಗುಮಾಸ್ತ ಅಂಬಾದಾಸನನ್ನು ಸರ್ಕಾರ ನೇಮಿಸಿದ್ದು ಆ ಬರಹದಿಂದ ಯಾರಿಗೂ ಪ್ರಯೋಜನವಾಗದಂತೆ ನೋಡಿಕೊಳ್ಳುವುದಕ್ಕೆ.

ಚನ್ನವೀರನಿಗೆ ಮಾತ್ರ ಆ ಬರಹದಲ್ಲಿ ಪೂರ್ಣ ನಂಬಿಕೆ. ಹುಮನಾಬಾದ ಕಡೆಯಿಂದ ಬಂದು, ಪಿಂಪ್ರಿ-ಚಿಂಚವಾಡದ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮನುಷ್ಯ. ಕೂದಲೆಳೆಯಷ್ಟು ಸೊಟ್ಟಗಿದ್ದ ಬೋಲ್ಟನ್ನೂ ವಾಪಸ್ ಕಳಿಸಿದವನು. ರಸ್ತೆಯಲ್ಲಿ ನಾಯಿಯೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದರೆ ಇಳಿದು ಹೋಗಿ ನಿಯಮ ತಿಳಿಸಿ ಹೇಳುತ್ತಿದ್ದ. ಅಷ್ಟರಲ್ಲಿ ದೀಪ ಹಸಿರಾಗಿ, ಮತ್ತೆ ಕೆಂಪಾಗಿರುತ್ತಿತ್ತು.

ಅವನ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವನು ತಾಂಜಾನಿಯಾದ ಬರಾಕಾ. ಕಂದಮೂಲ ಸಂಶೋಧನಾ ವಿದ್ಯಾಪೀಠದಲ್ಲಿ ಈರುಳ್ಳಿ ಕೊಳೆಯುವ ಬಗೆಯನ್ನು ಅಧ್ಯಯನ ಮಾಡಲು ಬಂದಿದ್ದ. ಬಂದ ಊರಿನ ಭಾಷೆ ಕಲಿಯಬೇಕೆಂದು ಚನ್ನವೀರನ ಹೆಂಡತಿ ಶಿವಕಾಂತಾಳ ಬಳಿ ಕೂತು ಒಂದು ವರ್ಷ ಶ್ರದ್ಧೆಯಿಂದ ಕಲಿತ. ತಾನು ಕಲಿತದ್ದು ಕನ್ನಡವೆಂದೂ ಊರಿನ ಭಾಷೆ ಮರಾಠಿಯೆಂದೂ ಅವನಿಗೆ ಗೊತ್ತಾದದ್ದು ತರಕಾರಿ ಮಾರ್ಕೆಟ್ಟಿನಲ್ಲಿ. ಅಷ್ಟು ಹೊತ್ತಿಗೆ ಅವನು ಶಿವಕಾಂತಾಳನ್ನು ಅವ್ವಾ ಅನ್ನಲು ಶುರುಮಾಡಿ ಆರು ತಿಂಗಳಾಗಿತ್ತು.

ಶಿರೂರಿನ ಸುತ್ತ, ಬಸ್ಸಿನ ದಾರಿಯಿಂದ ದೂರವಿದ್ದ ಹನ್ನೆರಡು ತೋಟಗಳ ಗೋದಾಮುಗಳಲ್ಲಿ ಬರಾಕಾನ ಗುರುತಿನ ಈರುಳ್ಳಿ ಗೋಣಿಗಳಿದ್ದವು. ಪ್ರತಿ ಸೋಮವಾರ ಹೋಗಿ ಎಲ್ಲವನ್ನೂ ತೂಗಿ ಬರಬೇಕು. ಸತತ ಮೂರು ಸೋಮವಾರ ತಪ್ಪಿದರೆ ಎರಡು ವರ್ಷದ ಅಧ್ಯಯನ ರದ್ದು, ವಿದ್ಯಾರ್ಥಿ ವಾಪಸ್ ತನ್ನ ದೇಶಕ್ಕೆ. ಇದು ವಿದ್ಯಾಪೀಠದ ಕಟ್ಟಪ್ಪಣೆ. ಅಲ್ಲಿಯ ತನಕ ಅವನನ್ನು ಒಯ್ಯುತ್ತಿದ್ದ ವಿದ್ಯಾಪೀಠದ ಜೀಪು ಕುಲಪತಿಗಳ ಮಗಳ ಮದುವೆಯ ಕೆಲಸಕ್ಕೆ ನಿಯೋಜನೆಯಾಗಿತ್ತು. ಮದುವೆ ಮುಗಿದು ಮಗಳು ಗಂಡನ ಮನೆಗೆ ಹೋದಳು, ಜೀಪೂ ಹೋಯಿತು.

ಆಗ ಚನ್ನವೀರ ತನ್ನ ಆರು ವರ್ಷದ ಗಾಡಿಯನ್ನು ಬರಾಕಾನಿಗೆ ಮಾರಿದ. ಆದರೆ ಕೀಲಿ ಕೊಡಲಿಲ್ಲ.

"ಹೆಸರು ವರ್ಗ ಆಗೋತನಕ ಕೀಲಿ ನನ್ನ ಕಿಸೇದಾಗ."

"ಕೊಟ್ಟುಬಿಡ್ರಿ, ಅದರಾಗೇನದ," ಎಂದಳು ಶಿವಕಾಂತಾ. "ಹುಡುಗನ ಓದು ಹಾಳಾಗ್ತದ."

"ಓದು ಹಾಳಾದ್ರ ಮತ್ತ ಓದಬಹುದು. ನಿಯಮ ಹಾಳಾದ್ರ?"

"ಅದು ದಿನಾ ಹಾಳಾಗ್ಲಿಕ್ಹತ್ತದಲ್ರಿ, ಯಾರೇನು ಸತ್ತಾರ?"

ಕಚೇರಿಯ ಮುಂದೆ ಬೇವಿನ ಮರದ ನೆರಳಲ್ಲಿ ಕೂತ ಏಜೆಂಟರತ್ತ ಕಣ್ಣೆತ್ತಿಯೂ ನೋಡದೆ ಚನ್ನವೀರ ಬರಾಕಾನನ್ನು ಕರೆದುಕೊಂಡು ನೇರ ಒಳಗೆ ಹೋದ. ಅಂಬಾದಾಸನ ಅಪ್ಪ ಆಳಂದ ಕಡೆಯವನು. ಹಾಗಾಗಿ ಅಂಬಾದಾಸ ಉಪಚಾರಕ್ಕೆ ಕನ್ನಡ, ನಿರಾಕರಣೆಗೆ ಮರಾಠಿ ಬಳಸುತ್ತಿದ್ದ.

"ಬರ್ರಿ ಕಾಕಾ, ಕುಂದರ್ರಿ. ಇವನ ಕಾಯಂ ವಿಳಾಸ ಯಾವುದು?"

"ಮ್ವಾಂಜಾ ರೀ," ಎಂದ ಬರಾಕಾ.

"ಅದು ನಮ್ಮ ಕಚೇರಿ ಹದ್ದಿನಾಗ ಬರ್ತದೇನು?"

"ಇಲ್ರಿ. ಆಫ್ರಿಕಾದಾಗ ಬರ್ತದ."

"ನೋಡ್ರಿ ಕಾಕಾ, ತಾನೇ ಒಪ್ಪಿದ. ಗಾಡಿ ಆಯುಷ್ಯ ಇನ್ನೂ ಒಂಬತ್ತು ವರ್ಷ. ಇವನ ವೀಸಾ ಹನ್ನೊಂದು ತಿಂಗಳು. ಗಾಡಿಗಿಂತ ಮೊದಲ ಮಾಲೀಕ ಮುಗೀತಾನ. ನಿಯಮ ಮ್ಹಣಜೆ ನಿಯಮ."

"ನನಗ ಅರವತ್ತೆರಡು," ಎಂದ ಚನ್ನವೀರ. "ನಾ ಒಂಬತ್ತು ವರ್ಷ ಇರ್ತೀನಂತ ಯಾರು ಬರಕೊಟ್ಟಾರ?"

"ನೀವು ಸತ್ರೂ ನಮ್ಮ ಹದ್ದಿನಾಗೇ ಇರ್ತೀರಿ ಕಾಕಾ."

ಈ ಚರ್ಚೆಯಲ್ಲಿ ಒಂದು ಸೋಮವಾರ ಕಳೆಯಿತು.

ಮುಂದಿನ ವಾರ ಅಂಬಾದಾಸ ಗಾಡಿಯ ಉದ್ದೇಶ ಕೇಳಿದ. ಈರುಳ್ಳಿ ತೂಗುವುದು ಎಂದು ಬರಾಕಾ ಹೇಳಿದ. ಅಂಬಾದಾಸ ಪೆನ್ನು ಕೆಳಗಿಟ್ಟ.

"ಉಳ್ಳಾಗಡ್ಡಿ ಅಂತ ಬರೇ ಬಾಯಿಲೆ ಹೇಳಿದ್ರ ನಡೀತದೇನು? ಪರಿಶೀಲನೆಗೆ ಮಾದರಿ ಬೇಕು. ಟೇಬಲ್ಲಿಗೊಂದು ಗೋಣಿ. ಏಳು ಟೇಬಲ್ ಅವ."

ಚನ್ನವೀರನ ಮುಖ ಕೆಂಪಾಯಿತು. "ಇದು ಲಂಚ!"

ಅಂಬಾದಾಸನಿಗೆ ನಿಜವಾಗಿಯೂ ನೋವಾಯಿತು. ಡ್ರಾಯರಿನಿಂದ ಪುಸ್ತಕ ತೆಗೆದು ಮುಂದಿಟ್ಟ. "ಲಂಚಕ್ಕ ಯಾರರ ರಸೀದಿ ಕೊಡ್ತಾರೇನ್ರಿ ಕಾಕಾ?"

ಚನ್ನವೀರ ರಸೀದಿ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದ. ಕ್ರಮಸಂಖ್ಯೆ ಸರಿಯಾಗಿತ್ತು. ಮೊಹರು ನೆಟ್ಟಗಿತ್ತು. ಕಾರ್ಬನ್ ಪ್ರತಿಯೂ ಇತ್ತು. ಮೂವತ್ತೊಂದು ವರ್ಷದ ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ. ದೋಷ ಕಾಣದ್ದನ್ನು ತಡೆಹಿಡಿಯುವುದು ಅವನ ತತ್ವಕ್ಕೆ ವಿರುದ್ಧವಾಗಿತ್ತು.

ಎರಡನೆಯ ಸೋಮವಾರ ಬರಾಕಾ ತನ್ನದೇ ಗುರುತಿನ ಏಳು ಗೋಣಿಗಳನ್ನು ಶಿರೂರಿನಿಂದ ಬಸ್ಸಿನ ಮೇಲೆ ಹೇರಿಕೊಂಡು ಬರುವುದರಲ್ಲಿ ಮುಗಿಯಿತು. ಆ ಈರುಳ್ಳಿಯ ಗತಿ ಆಮೇಲೆ ಅವನ ಪ್ರಬಂಧದಲ್ಲಿ ದಾಖಲಾಗಿದೆ: ತೆರೆದ ಚಪ್ಪರದಲ್ಲಿ ನಾಲ್ಕು ತಿಂಗಳಿಗೆ ನಷ್ಟ ಶೇಕಡಾ ಇಪ್ಪತ್ತೆರಡು, ಸರ್ಕಾರಿ ಕಚೇರಿಯಲ್ಲಿ ಒಂದು ಮಧ್ಯಾಹ್ನಕ್ಕೆ ಶೇಕಡಾ ನೂರು.

ಮಾದರಿ ತೃಪ್ತಿಕರವಾಗಿತ್ತು. ಸಾಹೇಬರು ಮನೆಯಲ್ಲಿ ಭಜಿ ತಿಂದು ಬಂದು ಕಡತವನ್ನು ಸಹಾನುಭೂತಿಯಿಂದ ಪರಿಶೀಲಿಸಿದರು. ಮೂರನೆಯ ಸೋಮವಾರಕ್ಕೆ ಎರಡು ದಿನ ಉಳಿದಿದ್ದಾಗ ಈ ಕೆಳಗಿನ ಆದೇಶ ಹೊರಬಿತ್ತು:

"ಸದರಿ ವಾಹನವು ಇದೇ ಜಿಲ್ಲೆಯಲ್ಲಿ ತಯಾರಾಗಿದ್ದು, ಇಲ್ಲಿಯ ಕಾಯಂ ನಿವಾಸಿಯಾಗಿರುತ್ತದೆ. ಸದರಿ ಮನುಷ್ಯನು ಹಾಗಿರುವುದಿಲ್ಲ. ಆದ್ದರಿಂದ ಮನುಷ್ಯನ ಹೆಸರಿಗೆ ವಾಹನವನ್ನು ದಾಖಲಿಸಲು ಬರುವುದಿಲ್ಲ; ವಾಹನದ ಹೆಸರಿಗೆ ಮನುಷ್ಯನನ್ನು ದಾಖಲಿಸಲು ಅಡ್ಡಿಯಿಲ್ಲ."

ಅಂಬಾದಾಸ ಹೊಸ ನೋಂದಣಿ ಪತ್ರ ತುಂಬಿದ. ಮಾಲೀಕರು: ವಾಹನ ಸ್ವತಃ. ಜೋಡಿಸಿದ ಬಿಡಿಭಾಗಗಳು: ಕನ್ನಡಿ ಎರಡು, ಸೀರೆ ಗಾರ್ಡು ಒಂದು, ಸೈಡ್ ಸ್ಟ್ಯಾಂಡ್ ಒಂದು, ಬರಾಕಾ ಒಂದು.

"ಮನುಷ್ಯಾ ಬಿಡಿಭಾಗ ಹೆಂಗ ಆಗ್ತಾನ್ರಿ?" ಎಂದ ಚನ್ನವೀರ.

"ಇವನಿಲ್ದ ಗಾಡಿ ಓಡ್ತದೇನು?"

"ಇಲ್ಲ."

"ಸೀರೆ ಗಾರ್ಡ್ ಇಲ್ದ?"

"ಓಡ್ತದ."

"ಮತ್ತ? ಸೀರೆ ಗಾರ್ಡಿಗಿಂತ ಇವಂದು ಮ್ಯಾಲಿನ ದರ್ಜೆ ಆಯ್ತಿಲ್ಲೋ?"

ತಪಾಸಣೆ ಅಂಗಳದಲ್ಲಿ ಇನ್‌ಸ್ಪೆಕ್ಟರು ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಬಿಡಿಭಾಗಕ್ಕೂ ಅಚ್ಚು ಬೇಕಾದ್ದರಿಂದ ಬರಾಕಾನ ಬೆಲ್ಟಿನ ಬಕಲ್ಲಿನ ಮೇಲೆ ಅದೇ ಪೆನ್ಸಿಲ್ ಉಜ್ಜಿದರು.

"ನನ್ನ ಮೈಲೇಜ್ ಕೇಳಲಿಲ್ಲಲ್ರಿ ಸಾಹೇಬ್ರ?"

"ಅದು ಮುಂದಿನ ವರ್ಷ."

ಚನ್ನವೀರ ಪತ್ರವನ್ನು ಮೂರು ಸಲ ಓದಿದ. ಎಲ್ಲ ಅಂಕಣಗಳೂ ತುಂಬಿದ್ದವು, ಒಂದೂ ಖಾಲಿಯಿರಲಿಲ್ಲ. ಕಿಸೆಯಿಂದ ಕೀಲಿ ತೆಗೆದು ಬರಾಕಾನ ಕೈಗಿಟ್ಟ. ಮೂರನೆಯ ಸೋಮವಾರ ಬರಾಕಾ ಹನ್ನೆರಡೂ ಗೋದಾಮುಗಳಿಗೆ ಹೋಗಿ, ಉಳಿದಿದ್ದ ಗೋಣಿಗಳನ್ನು ತೂಗಿ ಬಂದ. ಆ ಸಂಜೆ ಶಿವಕಾಂತಾ ಶೇಂಗಾ ಹೋಳಿಗೆ ಮಾಡಿದಳು.

ಮುಂದೆ ಎಲ್ಲವೂ ನಿಯಮದಂತೆ ನಡೆಯಿತು. ಒಮ್ಮೆ ಹಾಲು ತರಲು ನಡೆದು ಹೊರಟ ಬರಾಕಾನನ್ನು ಪೊಲೀಸರು ತಡೆದು, ವಾಹನದಿಂದ ಬೇರ್ಪಟ್ಟ ಬಿಡಿಭಾಗವೆಂದು ಗುರುತಿಸಿ, ಕಳವಿನ ಮಾಲಿನ ಕೋಣೆಯಲ್ಲಿ ಎರಡು ಬ್ಯಾಟರಿಗಳ ನಡುವೆ ಕೂರಿಸಿದರು. ಚನ್ನವೀರ ಹೋಗಿ ಸಹಿ ಮಾಡಿ ಬಿಡಿಸಿಕೊಂಡು ಬಂದ. ದಾರಿಯುದ್ದಕ್ಕೂ ಬೈದ.

"ಗಾಡಿ ಬಿಟ್ಟು ಅಡ್ಡಾಡ್ಲಿಕ್ಕ ನಿನಗ ಯಾರು ಹೇಳಿದ್ರು?"

"ಹಾಲಿನ ಅಂಗಡಿ ನಾಕು ಹೆಜ್ಜಿ ಅದರಿ, ಅಪ್ಪಾ."

"ನಾಕು ಹೆಜ್ಜಿ ಆದ್ರೇನು, ಕಾಗದ ಕಾಗದಾನ."

ಅಂದಿನಿಂದ ಬರಾಕಾ ಹಾಲಿಗೂ ಗಾಡಿ ತಳ್ಳಿಕೊಂಡೇ ಹೋದ. ವೀಸಾ ಮುಗಿದಾಗ ಅದನ್ನು ನವೀಕರಿಸುವ ಪ್ರಶ್ನೆಯೇ ಏಳಲಿಲ್ಲ. ಕನ್ನಡಿಗೆ ಯಾರಾದರೂ ವೀಸಾ ಕೇಳುತ್ತಾರೆಯೇ?

ಪ್ರಬಂಧ ಪೂರ್ಣವಾಯಿತು. ವಿದ್ಯಾಪೀಠ ಅದನ್ನು ಮೆಚ್ಚಿತು. ಆದರೆ ಪದವಿ ಕೊಡುವ ಮುಂಚೆ ಅಭ್ಯರ್ಥಿಯ ದಾಖಲೆ ಪರಿಶೀಲಿಸಿದಾಗ, ಅವನು ಅಭ್ಯರ್ಥಿಯಲ್ಲ, ವಾಹನವೊಂದರ ಅಂಗ ಎಂಬುದು ಬೆಳಕಿಗೆ ಬಂತು. ಅಂಗಕ್ಕೆ ಪದವಿ ಕೊಡುವ ನಿಯಮವಿಲ್ಲ. ಅಲ್ಲದೆ, ಪ್ರತಿ ಸೋಮವಾರ ಎಲ್ಲ ಗೋದಾಮುಗಳಿಗೂ ಹೋದದ್ದಕ್ಕೆ ಸಾಕ್ಷಿಯಾದ ಪೆಟ್ರೋಲ್ ಬಂಕಿನ ಚೀಟಿಗಳು ಗಾಡಿಯ ನಂಬರಿನಲ್ಲಿದ್ದವು. ವಿದ್ವತ್ ಮಂಡಳಿ ಮೂರೂವರೆ ನಿಮಿಷ ಚರ್ಚಿಸಿ, ವಾಹನಕ್ಕೆ ಡಾಕ್ಟರೇಟ್ ಪ್ರದಾನ ಮಾಡಲು ಸರ್ವಾನುಮತದಿಂದ ನಿರ್ಣಯಿಸಿತು.

ಘಟಿಕೋತ್ಸವದ ದಿನ ಗಾಡಿಯನ್ನು ತೊಳೆದು, ಹಾರ ಹಾಕಿ, ಕೆಂಪು ಗೌನು ಹೊದಿಸಿ ವೇದಿಕೆಗೆ ಏರಿಸಿದರು. ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ಬರಾಕಾ ನಿಂತಿದ್ದ. ಕುಲಪತಿಗಳು ಪದವಿ ಪತ್ರವನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು ಕೈಮುಗಿದರು. ಎರಡು ಮಾತು ಆಡಬೇಕೆಂದು ನಿರೂಪಕಿ ಡಾಕ್ಟರರನ್ನು ವಿನಂತಿಸಿಕೊಂಡಳು. ಬರಾಕಾ ಎರಡು ಸಲ ಹಾರ್ನ್ ಒತ್ತಿದ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಮೂರನೆಯ ಸಾಲಿನಲ್ಲಿ ಶಿವಕಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದು ಅನ್ಯಾಯ ಅಲ್ಲೇನ್ರಿ? ಓದಿದವ ಅವ. ನೀವರ ಎದ್ದು ಏನಾರ ಅನ್ರಿ."

ಚನ್ನವೀರ ಎದ್ದ. ಆಗಿನಿಂದ ಅವನ ಮನಸ್ಸೂ ಚಡಪಡಿಸುತ್ತಿತ್ತು. ಕಣ್ಣೆದುರು ನಡೆಯುವ ತಪ್ಪನ್ನು ಸಹಿಸಿ ಕೂತವನಲ್ಲ. ಸಭೆಯೆಲ್ಲ ತಿರುಗಿ ನೋಡಿತು. ಬರಾಕಾನೂ ಆಸೆಯಿಂದ ನೋಡಿದ. ಚನ್ನವೀರ ದಪದಪ ಮೆಟ್ಟಿಲು ಹತ್ತಿ, ಗಣ್ಯರ ಮುಂದೆ ಹಾದು, ಗಾಡಿಯ ಹಿಂದೆ ಬಗ್ಗಿದ. ನಂಬರ್ ಪ್ಲೇಟನ್ನು ಪೂರ್ತಿ ಮುಚ್ಚಿದ್ದ ಗೌನಿನ ಅಂಚನ್ನು ಎತ್ತಿ, ಮಡಚಿ, ಅಂಕಿಗಳೆಲ್ಲ ಕಾಣುವಂತೆ ಪಿನ್ನು ಚುಚ್ಚಿದ. ಕುಲಪತಿಗಳು ಎದ್ದು ನಿಂತು ಅವನ ಕೈ ಕುಲುಕಿದರು.