ಮದುಮಗನ ಕಠಾರಿ, ನನ್ನ ತಪಾಸಣೆ

ಅಂಗಿಯ ಅಳತೆ ತೆಗೆಯುವ ಟೇಲರನನ್ನು ಬಿಟ್ಟರೆ ಬೇರೆ ಯಾವ ಗಂಡಸೂ ನನ್ನ ಬಗಲಿಗೆ ಕೈ ಹಾಕುವುದನ್ನು ಸಹಿಸುವವನಲ್ಲ ನಾನು. ನನಗೆ ವಿಪರೀತ ಕಚಗುಳಿ. ಅದಕ್ಕಿಂತ ಹೆಚ್ಚಾಗಿ, ತಪ್ಪು ಮಾಡದವನು ಕೈ ಯಾಕೆ ಎತ್ತಬೇಕು ಎಂಬ ಹಟ. ಇದು ಕುರಿ ಕಾಯುವ ನಮ್ಮ ಮನೆತನದ ಹಟ. ಪಟ್ಟಣದ ವಿಶ್ರಾಮಬಾಗದಲ್ಲಿ ಮನೆ ಮಾಡಿ ಇಸ್ತ್ರಿ ಅಂಗಿ ಹಾಕಿದರೂ ಅದು ಹೋಗಿಲ್ಲ.

ಹೋದ ಚುನಾವಣೆಯ ಹೊತ್ತಿಗೇ ಅಕ್ಕನ ಮಗ ಸಿದ್ದುವಿನ ಮದುವೆ. ಸಲಗರೆಯಿಂದ ಜೀಪಿನಲ್ಲಿ ಮಿರಜಿಗೆ ಹೊರಟಿದ್ದೆವು. ಅಕ್ಷತೆಗೆ ಅರ್ಧ ತಾಸಷ್ಟೇ ಉಳಿದಿತ್ತು. ಮಿರಜಿನ ಹೊರಗೆ ಚುನಾವಣೆ ಬಂದೋಬಸ್ತಿನ ಪೊಲೀಸರು ಎಲ್ಲರನ್ನೂ ಇಳಿಸಿ, ಮೈ ತಡವಿ ಆಯುಧ ಹುಡುಕುತ್ತಿದ್ದರು. ಹವಾಲ್ದಾರನ ಕಣ್ಣು ಮೊದಲು ಬಿದ್ದದ್ದು ಸಿದ್ದುವಿನ ಕೈಯ ಕಠಾರಿಯ ಮೇಲೆ. ತುದಿಗೆ ಲಿಂಬೆಹಣ್ಣು ಚುಚ್ಚಿದ ಆ ಕಠಾರಿ, ಅರಿಶಿನ ಹಚ್ಚಿದಾಗಿನಿಂದ ಅಕ್ಷತೆ ಬೀಳುವ ತನಕ ಮದುಮಗನ ಕೈ ಬಿಡುವಂತಿಲ್ಲ.

"ಅದನ್ನ ಇಲ್ಲೆ ಇಡ್ರಿ," ಎಂದ ಹವಾಲ್ದಾರ. ಅಕ್ಕ ಅಳುವ ಹಾಗಾದಳು. ನನ್ನ ತಲೆ ಕೆಟ್ಟಿತು.

"ಇಡೂದಿಲ್ರಿ! ಕುರಿ ಕಾಯೋ ಮಂದಿ ನಾವು, ಗುಂಡಾಗೋಳಲ್ಲ. ಮೊದಲ ನನ್ನ ಮೈ ನೋಡ್ರಿ. ಒಂದು ಸೂಜಿ ಸಿಕ್ರ ಸಲಗರೆತನಾ ನಡಕೊಂತ ಹೊಳ್ಳಿ ಹೊಕ್ಕೇನಿ!"

ಆತ ಕಸಬುದಾರ. ಕಾಲರು, ಬೆನ್ನು, ಬಗಲು ಎಂದು ಅಂಗೈಯಿಂದ ಒತ್ತುತ್ತ ಬಂದ. ತುಟಿ ಕಚ್ಚಿ ನಿಂತೆ. ಬಗಲಿಗೆ ಬಂದಾಗ ಕಿಸಕ್ಕನೆ ನಕ್ಕೇಬಿಟ್ಟೆ. ಅವನ ಕೈ ಜಾಕೀಟಿನ ಒಳಜೇಬಿನ ಮೇಲೆ ನಿಂತಿತು. ಹೊರಬಂದದ್ದು ಗೊರಸು ಹೆರೆಯುವ ಚಾಕು! ಹಿಂದಿನ ದಿನ ಅಕ್ಕನ ಮನೆಯಲ್ಲಿ ಕುಂಟುತ್ತಿದ್ದ ಕುರಿಯ ಕಾಲು ನೋಡಿ ನಾನೇ ಇಟ್ಟುಕೊಂಡು ಮರೆತಿದ್ದೆ. ನಮ್ಮಲ್ಲಿ ಅದನ್ನು ಆಯುಧವೆಂದು ಎಣಿಸುವವರೇ ಇಲ್ಲ, ಬಾಚಣಿಕೆಯ ಹಾಗೆ ಅದೂ ಒಂದು.

"ಕಾಕಾ, ಇದು ಸೂಜಿ ಏನ್ರಿ?" ಎಂದ ಆತ. ಆಮೇಲೆ ಕಠಾರಿಯ ಅಲಗಿಗೆ ಬೆರಳು ತಾಗಿಸಿ, "ಇದು ಮೊಂಡ ಐತಿ. ಮದುಮಗಾ ಹೋಗ್ಲಿ. ನಿಮ್ಮ ಚಾಕು ಇಲ್ಲೇ ಇರಲಿ, ನೀವೂ ನಡೀರಿ," ಎಂದು ಬಿಟ್ಟೇಬಿಟ್ಟ.

ಆದರೆ ನಾನು ಮಾತು ಕೊಟ್ಟವನಲ್ಲವೇ! ತಲೆಗೆ ಸುತ್ತಿದ ಪಟಗ ಸರಿಮಾಡಿಕೊಂಡು ಸಲಗರೆಯ ದಿಕ್ಕಿಗೆ ನಡೆದೆ. ಹತ್ತು ಹೆಜ್ಜೆಯೊಳಗೆ ಯಾರಾದರೂ ಕರೆಯುತ್ತಾರೆಂಬ ಧೈರ್ಯ ಇತ್ತು. ಕರೆದರು ಕೂಡ.

"ಮಾಮಾ, ನಿಂದರ್ರಿ! ನೀವಿಲ್ದ ನಾ ಅಕ್ಷತಿಗೆ ನಿಂದ್ರೂದಿಲ್ಲ!" ಎಂದು ಸಿದ್ದು ಕಠಾರಿ ಎತ್ತಿಕೊಂಡೇ ಓಡಿ ಬಂದ. ರಸ್ತೆಯ ಆಚೆ ಇದ್ದ ಇನ್ನೊಬ್ಬ ಪೊಲೀಸನಿಗೆ ಕಂಡದ್ದು ಇಷ್ಟೇ: ಮುಂದೊಬ್ಬ ಮುದುಕ, ಹಿಂದೆ ಕಠಾರಿ ಹಿಡಿದವನು. ಸೀಟಿ ಊದಿ ಇಬ್ಬರನ್ನೂ ಹಿಡಿದು ಮತ್ತೆ ಮೈ ತಡವಿದ. ನಾನು ಮತ್ತೆ ನಕ್ಕೆ. ಕೊನೆಗೆ ಹವಾಲ್ದಾರನೇ ಬಂದು ಇಬ್ಬರನ್ನೂ ಬಿಡಿಸಿ ಜೀಪು ಹತ್ತಿಸಿದ.

ಅಂತೂ ಅಕ್ಷತೆ ಬಿತ್ತು, ಕಠಾರಿ ಸಿದ್ದುವಿನ ಕೈಯಲ್ಲೇ ಇತ್ತು. ಅದನ್ನು ಉಳಿಸಿದವನು ನಾನೇ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ. ಅಕ್ಕ ಮಾತ್ರ ಬಂದವರಿಗೆಲ್ಲ ಹೇಳುವುದೇ ಬೇರೆ: "ಪೊಲೀಸ್ರು ಐದು ನಿಮಿಷದಾಗ ಬಿಟ್ಟಿದ್ರವ್ವಾ. ಮುಹೂರ್ತ ತಪ್ಪೂದಿತ್ತಂದ್ರ ಅದು ನನ್ನ ತಮ್ಮನ ಹಟದಿಂದ."