ಊರಿಗಾಂನ ಸಮುದ್ರಕ್ಕೆ ಕ್ಷಾರ ಪರೀಕ್ಷೆ

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರ ಸಾಕಲು ಹೊರಟವರ ಮನೆಗೆ ನಗು ತಾನಾಗಿಯೇ ವಿಳಾಸ ವಿಚಾರಿಸಿಕೊಂಡು ಬರುತ್ತದೆ. ನಾನೇನೂ ಕರೆಯಲಿಲ್ಲ. ಒಂದು ಹೋಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಯಾತ್ರಿಕರ ತಂಡಗಳನ್ನು ಊರೂರು, ದೇಶದೇಶ ತಿರುಗಿಸಿ, ಯಾರನ್ನೂ ಕಳೆಯದೆ ವಾಪಸು ತಂದು ಒಪ್ಪಿಸುವುದು ನನ್ನ ಕೆಲಸ. ನಡುವಿನ ಬಿಡುವಿನಲ್ಲಿ ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ಅಕ್ಕನ ಮನೆಯೇ ನನ್ನ ಮನೆ. ತೊಂಬತ್ತರ ದಶಕದ ನಡುವೆ ಸಿಂಗಾಪುರದ ಒಂದು ಹೋಟೆಲಿನಲ್ಲಿ ಜೀವಂತ ಹವಳವಿದ್ದ ಉಪ್ಪುನೀರಿನ ತೊಟ್ಟಿ ನೋಡಿ ನನ್ನ ತಲೆ ಕೆಟ್ಟಿತು. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿ ಇಡಿಸಿದೆ. ಮದ್ರಾಸಿನಿಂದ ಎರಡು ಮೀನು, ಅಂಗೈಯಗಲದ ಒಂದು ಹವಳ ತಂದೆ. ಹವಳವೆಂದರೆ ಕಲ್ಲಿಗೆ ಅಂಟಿಕೊಂಡ ಪ್ರಾಣಿ. ನೀರಿನಲ್ಲಿರುವ ಕ್ಷಾರದಿಂದಲೇ ಅದು ತನ್ನ ಎಲುಬು ಕಟ್ಟಿಕೊಳ್ಳುತ್ತದೆ. ಕ್ಷಾರ ಇಳಿದರೂ ಮುದುಡುತ್ತದೆ, ಏರಿದರೂ ಮುದುಡುತ್ತದೆ. ಹಾಗಾಗಿ ಅಳೆಯುತ್ತಲೇ ಇರಬೇಕು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ನಿನ್ನ ಕೈಲಿ ತುಳಸಿ ಗಿಡಾನೇ ಉಳೀಲಿಲ್ಲ. ಇದು ಸತ್ತ ದಿವಸ ಆ ಗಾಜಿನ ಪೆಟ್ಟಿಗೇಲಿ ನಾನು ರಾಗಿ ತುಂಬ್ತೀನಿ ನೋಡ್ತಿರು" ಅಂದಳು.

ಮಾತು ಚುಚ್ಚಿತು, ಏಕೆಂದರೆ ನಿಜವಾಗಿತ್ತು. ನಾನು ಎಲ್ಲಿಗೆ ಹೋದರೂ, ತಿರುಗಿ ಬರುವ ತನಕ ಬದುಕಿರುವ ಒಂದು ಜೀವ ನನ್ನದು ಅಂತ ಇರಲಿ ಅನ್ನಿಸಿತ್ತು. ಇದನ್ನೆಲ್ಲ ಅಕ್ಕನ ಮುಂದೆ ಹೇಳಲಾಗುತ್ತದೆಯೇ? "ನೋಡೋಣ" ಎಂದಷ್ಟೇ ಅಂದೆ.

೧. ಹಾಳಾದ ಸರಕು

ತೊಟ್ಟಿಗೆ ಬೇಕಾದ ಸಮುದ್ರದ ನೀರು ಮದ್ರಾಸಿನಿಂದ ಕ್ಯಾನು ತುಂಬಿಕೊಂಡು ರೈಲಿನಲ್ಲಿ ಬರುತ್ತಿತ್ತು. ಬಂಗಾರಪೇಟೆಯಲ್ಲಿ ಇಳಿದು ಊರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ಗಾಡಿ ಹತ್ತಬೇಕು. ಪ್ಲಾಟ್‌ಫಾರಂ ಮೇಲೆ ನಾಲ್ಕು ಕ್ಯಾನುಗಳ ನಡುವೆ ಮಹಾರಾಣಿಯ ಹಾಗೆ ಕೂತಿದ್ದ ನನ್ನನ್ನು ಒಬ್ಬ ಪೊಲೀಸಿನವನು ಎರಡು ಸಲ ಸುತ್ತು ಹಾಕಿ ನೋಡಿದ. ಏನಿದೆ ಒಳಗೆ ಅಂದ. ಸಮುದ್ರದ ನೀರು ಅಂದೆ. ಎಲ್ಲರೂ ಹೀಗೇ ಹೇಳೋದು ಅನ್ನುವ ಮುಖ ಮಾಡಿಕೊಂಡು ಮುಚ್ಚಳ ತೆಗೆಸಿದ. ಮೂಸಿದ. ವಾಸನೆ ಸಾಲಲಿಲ್ಲವೇನೋ, ಅಂಗೈ ಬೊಗಸೆ ಮಾಡಿ ಒಂದು ಗುಟುಕು ಹಾಕಿಕೊಂಡೇ ಬಿಟ್ಟ.

ಅವನ ಮುಖದಲ್ಲಿ ಆಗಿಹೋದದ್ದನ್ನು ನಾನು ಬಣ್ಣಿಸಲಾರೆ. ಉಗುಳಿ, ಬಾಯಿ ಒರೆಸಿಕೊಂಡು, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಅಣ್ಣನಂತೆ ಬಗ್ಗಿ ಹೇಳಿದ: "ಯಾರೋ ನಿಮಗೆ ಚೆನ್ನಾಗಿ ಮೋಸ ಮಾಡವ್ರೆ ಅಕ್ಕಾ. ಇದು ಕೆಟ್ಟೋಗಿರೋ ಸಾರಾಯಿ. ಇನ್ಮೇಲೆ ಅವನ ಅತ್ರ ತಗೋಬೇಡಿ."

೨. ಬಿಸಿಲಿಗೆ ಹಿಡಿದ ಬಣ್ಣ

ಪರೀಕ್ಷೆಯ ಸಾಮಾನನ್ನು ಸಿಂಗಾಪುರದಿಂದಲೇ ತಂದಿದ್ದೆ. ಸಣ್ಣ ಗಾಜಿನ ನಳಿಗೆಗೆ ತೊಟ್ಟಿಯ ನೀರು ಹಾಕಿ, ಒಂದು ಸೀಸೆಯಿಂದ ಬಣ್ಣದ ಹನಿ ಬಿಟ್ಟರೆ ನೀರು ನೀಲಿಯಾಗುತ್ತದೆ. ಆಮೇಲೆ ಇನ್ನೊಂದು ಸೀಸೆಯಿಂದ ಹನಿ ಹನಿ ಎಣಿಸಿ ಹಾಕುತ್ತ ಹೋಗಬೇಕು. ಎಷ್ಟನೆಯ ಹನಿಗೆ ನೀಲಿ ಹೋಗಿ ಹಳದಿ ಬರುತ್ತದೋ ಅಷ್ಟು ಕ್ಷಾರ. ಏಳೆಂಟು ಇದ್ದರೆ ಹವಳಕ್ಕೆ ಹಿತ. ಕೇಳಲು ಸುಲಭ. ನೀಲಿಗೂ ಹಳದಿಗೂ ನಡುವೆ ಹಸಿರು ಎಂಬ ದೊಡ್ಡ ಸಂಸಾರವೇ ಇದೆಯೆಂದು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ.

ಏಳನೆಯ ಹನಿಗೆ ಹಳದಿ ಬಂತು ಅಂದೆ ನಾನು. ಎಲ್ಲಿ ಬಂತು, ಇನ್ನೂ ಗಿಳಿಹಸಿರು ಅಂದಳು ಅಕ್ಕ. ಭಾವ ಕನ್ನಡಕ ಏರಿಸಿ, ನೀಲಿಯೇ ಹೋಗಿಲ್ಲವಲ್ಲ ಅಂದರು. ಅಕ್ಕ ಸೀರೆಯಂಗಡಿಯಲ್ಲಿ ಟ್ಯೂಬ್‌ಲೈಟನ್ನು ನಂಬಿ ಒಂದು ಕರವಸ್ತ್ರವನ್ನೂ ಕೊಂಡವಳಲ್ಲ. ಎಂಥ ಸೀರೆಯಾದರೂ ಬೀದಿಗೆ ತಂದು, ಬಿಸಿಲಿಗೆ ಹಿಡಿದು, ದಾರಿಯಲ್ಲಿ ಹೋಗುವ ಹೆಂಗಸರ ಅಭಿಪ್ರಾಯ ಕೇಳಿದ ಮೇಲೆಯೇ ತೀರ್ಮಾನ. ನಳಿಗೆಯನ್ನೂ ಕಿತ್ತುಕೊಂಡು ನೇರ ಬೀದಿಗೆ ನಡೆದಳು.

ಬಿಸಿಲಿನಲ್ಲಿ ಬಣ್ಣ ಸ್ಪಷ್ಟವಾಗಿ ಕಂಡಿತು, ಒಪ್ಪಲೇಬೇಕು. ಅಷ್ಟರಲ್ಲಿ ನಾಲ್ಕು ಜನ ಸೇರಿದ್ದರು. ಒಬ್ಬಳು ಮಾವಿನ ಚಿಗುರು ಅಂದಳು, ಒಬ್ಬಳು ನಿಂಬೆಹಣ್ಣು. ಎದುರು ಮನೆಯಾಕೆ ತಡವಾಗಿ ಬಂದು, ಜನರ ಹೆಗಲ ಮೇಲಿಂದ ಇಣುಕಿ, ಮೆಚ್ಚಿ ತಲೆದೂಗಿ ಕೇಳಿದಳು: "ಬಣ್ಣ ಬೊಂಬಾಟಾಗೈತೆ. ಬ್ಲೌಸ್ ಪೀಸು ಜೊತೇಲೇ ಬಂತಾ, ಬೇರೆ ತಗೋಬೇಕಾ?"

೩. ನೀರು ಕುಡಿದ ಹಸು

ಅಂದಿನಿಂದ ಪರೀಕ್ಷೆ ಬೀದಿ ಬಾಗಿಲ ಮೆಟ್ಟಿಲಿಗೆ ವರ್ಗವಾಯಿತು. ಬೆಳಗಿನ ಬಿಸಿಲು ಬೀಳುವ ಹೊತ್ತಿಗೇ ಹತ್ತಿರದ ಹಳ್ಳಿ ಕ್ಯಾಸಂಬಳ್ಳಿಯಿಂದ ಬಸ್ಸಿನಲ್ಲಿ ಹಾಲಿನವಳು ಬರುವುದು. ನಾನು ಗಾಜಿನ ನಳಿಗೆ ಎತ್ತಿ ಹಿಡಿದು ಹನಿ ಎಣಿಸುತ್ತಿದ್ದುದನ್ನು ಒಂದೆರಡು ದಿನ ನೋಡಿದಳು. ಮೂರನೆಯ ದಿನ, ಅದೇನಮ್ಮ ಅದು ಅಂದಳು.

ಹನಿಯ ಲೆಕ್ಕ ತಪ್ಪಬಾರದೆಂದು ನಾನು ಕತ್ತು ತಿರುಗಿಸದೆ, ನೀರು ಎಂಥದು ಅಂತ ಕಂಡುಹಿಡಿಯೋದು ಅಂದೆ. ಅವಳು ನಳಿಗೆಯನ್ನೊಮ್ಮೆ, ತನ್ನ ಹಾಲಿನ ಕ್ಯಾನನ್ನೊಮ್ಮೆ ನೋಡಿದಳು. ಹಾಲು ಅಳೆದು ಹೋದಳು.

ಮರುದಿನ ಅಕ್ಕ ಕಾಸಿದ ಹಾಲಿನ ಮೇಲೆ ಬೆರಳು ದಪ್ಪ ಕೆನೆ. ಅದರ ಮರುದಿನವೂ ಅಷ್ಟೇ. ಮನೆಯಲ್ಲಿ ಬೆಣ್ಣೆ ತೆಗೆಯುವ ಮಾತು ಶುರುವಾಯಿತು. ಒಂದು ದಿನ ಮಾತ್ರ ಹಾಲು ಸ್ವಲ್ಪ ತೆಳ್ಳಗಿತ್ತು. ನಾವು ಯಾರೂ ಚಕಾರ ಎತ್ತಿರಲಿಲ್ಲ. ನಾನು ಎಂದಿನಂತೆ ನಳಿಗೆ ಹಿಡಿದು ಕೂತಿದ್ದೆ. ಹಾಲಿನವಳು ಗೇಟಿನಿಂದಲೇ ಶುರುಮಾಡಿದಳು: "ನಾನೇನೂ ಆಕಿಲ್ಲ ಕಣಮ್ಮ. ನಿನ್ನೆ ಆ ಅಸೂನೇ ನೀರು ಜಾಸ್ತಿ ಕುಡ್ಕಂಬಿಡ್ತು."

ಅವಳು ಅತ್ತ ಹೋಗುತ್ತಲೂ ಅಕ್ಕ ನನ್ನ ಪಕ್ಕ ಕೂತು, ತಗ್ಗಿದ ದನಿಯಲ್ಲಿ, ಮೀನು ಇರಲಿ ಬಿಡಲಿ ಈ ಪರೀಕ್ಷೆ ಮಾತ್ರ ನಿಲ್ಲಿಸಬೇಡ ಅಂದಳು.

೪. ಹೇಳುವ ಹಾಗಿಲ್ಲ

ಅಷ್ಟರಲ್ಲಿ ಕಾಠ್ಮಂಡುವಿಗೆ ತಂಡ ಕರೆದೊಯ್ಯುವ ಕೆಲಸ ಬಂತು. ಹವಳಕ್ಕೆ ಒಳ್ಳೆಯ ಕಾಲವಾಗಿರಲಿಲ್ಲ. ಅಂಚಿನಲ್ಲಿ ಬೆಳ್ಳಗಾಗುತ್ತಿತ್ತು. ನಾನಿಲ್ಲದಾಗ ಅಳೆಯುವವರು ಯಾರು? ಅಕ್ಕನನ್ನು ನಂಬಿದರೆ ಬೀದಿಯಲ್ಲಿ ಮತ ಎಣಿಕೆ ನಡೆಯುತ್ತದೆ.

ಪಕ್ಕದ ಮನೆಯಲ್ಲಿ ಗಣಿಯಿಂದ ನಿವೃತ್ತರಾದ ಒಬ್ಬ ತಾತ ಇದ್ದರು. ಅದಿರಿನಲ್ಲಿ ಚಿನ್ನ ಎಷ್ಟಿದೆಯೆಂದು ಪರೀಕ್ಷಿಸುವ ಆಫೀಸಿನಲ್ಲಿ ಜೀವಮಾನ ಕಳೆದವರು. ಕೇಳಿದ ಕೂಡಲೇ ಒಪ್ಪಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಡ್ಯೂಟಿಗೆ ಬಂದರು. ಬೀದಿಯಲ್ಲಿ ಪರೀಕ್ಷೆಯೆಂದರೆ ಅವರಿಗೆ ಮೈ ಉರಿಯಿತು. ಹಿಂದಿನ ಕೋಣೆಯ ಕಿಟಕಿಯ ಬಿಸಿಲೇ ಸಾಕೆಂದು, ಬಾಗಿಲು ಮುಚ್ಚಿ, ಒಂದೇ ನೀರನ್ನು ಎರಡು ಸಲ ಅಳೆದು, ಎರಡೂ ತಾಳೆಯಾದ ಮೇಲೆಯೇ ಹೊರಗೆ ಬರುತ್ತಿದ್ದರು. ನಾನು ನಿಶ್ಚಿಂತೆಯಿಂದ ವಿಮಾನ ಹತ್ತಿದೆ.

ಕಾಠ್ಮಂಡುವಿನಿಂದ ಫೋನ್ ಮಾಡಿದರೆ ಅಕ್ಕನ ದನಿ ಸಪ್ಪಗಿತ್ತು. ಹವಳ ಪೂರಾ ಮುದುಡಿಕೊಂಡಿದೆಯಂತೆ. ರಾಗಿಯ ಮಾತನ್ನು ಅವಳು ಎತ್ತಲಿಲ್ಲ. ಅದೇ ನನಗೆ ಹೆಚ್ಚು ಭಯವಾಯಿತು. ಅಂಕೆ ಎಷ್ಟು ಬಂದಿದೆಯೆಂದು ಕೇಳಿದರೆ, ತಾತ ಹೇಳುವುದೇ ಇಲ್ಲ ಅಂದಳು. ತಾತನನ್ನೇ ಕರೆಸಿದೆ.

"ಸೊಲ್ಲಕೂಡಾದುಮ್ಮಾ," ಎಂದು ತಮಿಳಿನಲ್ಲಿ ಅಂದು, ತಾತ ಕನ್ನಡಕ್ಕೆ ಬಂದರು. "ರಿಸಲ್ಟನ್ನ ಫೋನಲ್ಲಿ ಹೇಳೋ ಹಾಗಿಲ್ಲ. ಲೈನಲ್ಲಿ ಯಾರಿರ್ತಾರೋ."

ಮೀನಿನ ನೀರು ತಾತ, ಅಂದೆ. ರಿಸಲ್ಟು ರಿಸಲ್ಟೇ ಅಂದರು. ಗಣಿಯಲ್ಲಿ ಅಂಕೆ ಹೊರಗೆ ಬಿದ್ದರೆ ಯಾವ ಸುರಂಗದಲ್ಲಿ ಎಷ್ಟಿದೆಯೆಂದು ಕಳ್ಳರಿಗೆ ದಾರಿ ತೋರಿಸಿದಂತೆ, ಹೆಂಡತಿಗೂ ಹೇಳಿದವರಲ್ಲವಂತೆ. ಏರಿದೆಯೋ ಇಳಿದಿದೆಯೋ ಅಷ್ಟಾದರೂ ಹೇಳಿ ಎಂದು ಬೇಡಿಕೊಂಡೆ.

"ಅದನ್ನ ಹೇಳಿದ್ರೆ ಮಿಕ್ಕಿದ್ದನ್ನ ಯಾರಾದ್ರೂ ಲೆಕ್ಕ ಹಾಕ್ಬಿಡ್ತಾರೆ."

ನನ್ನ ಬೆನ್ನ ಹಿಂದೆ ಯಾತ್ರಿಕರು ಬಸ್ಸಿಗೆ ಹೊತ್ತಾಯಿತೆಂದು ಕೂಗುತ್ತಿದ್ದರು. ನನಗೊಂದು ಉಪಾಯ ಹೊಳೆಯಿತು. ಏಳಕ್ಕಿಂತ ಕಡಿಮೆಯಿದ್ದರೆ ಅರ್ಧ ಚಮಚ ಅಡಿಗೆ ಸೋಡ ನೀರಲ್ಲಿ ಕರಗಿಸಿ ನಿಧಾನವಾಗಿ ಹಾಕಿ, ಏಳು ಮುಟ್ಟುವವರೆಗೆ ದಿನಾ ಅಷ್ಟೇ. ಹೆಚ್ಚಿದ್ದರೆ ಬೇಡ ಅಂದೆ. ಆಗಲಿ ಅಂದರು. ಮರುದಿನ ಮತ್ತೆ ಫೋನ್ ಮಾಡಿ, ಸೋಡ ಹಾಕಿದಿರಾ ಎಂದು ಕೇಳಿದೆ.

ಅವರು ದನಿ ಇನ್ನಷ್ಟು ತಗ್ಗಿಸಿದರು. "ಅದನ್ನೂ ಹೇಳೋ ಹಾಗಿಲ್ಲ."

ಉಳಿದ ಪ್ರವಾಸದಲ್ಲಿ ನನ್ನ ತಂಡದವರೆಲ್ಲ ಮೋಕ್ಷ ಬೇಡಿದರು. ನಾನು ಪ್ರತಿ ಗುಡಿಯಲ್ಲೂ ಸೋಡ ಬೇಡಿದೆ.

ಊರಿಗೆ ಬಂದರೆ ಅಕ್ಕನ ಮನೆ ಮುಂದೆ ಜನ. ನಿವೃತ್ತ ಪರೀಕ್ಷಕರು ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ನೀರು ಪರೀಕ್ಷೆ ಮಾಡಿ, ಬಾಯಿ ಹೊಲಿದುಕೊಂಡು ಹೊರಬರುತ್ತಾರೆಂದರೆ ಈ ಊರಿನಲ್ಲಿ ಅದಕ್ಕೆ ಒಂದೇ ಅರ್ಥ: ಚಿನ್ನ. ಹಾಲಿನವಳು ಕ್ಯಾಸಂಬಳ್ಳಿಗೂ ಸುದ್ದಿ ಮುಟ್ಟಿಸಿ ಇಬ್ಬರನ್ನು ಕರೆತಂದಿದ್ದಳು. ಒಳಗೆ ಅಕ್ಕ ಕೆಂಡವಾಗಿದ್ದಳು. ಎಷ್ಟು ಬಳಸಿದೆ ಎಂಬುದು ಗೊತ್ತಾಗಬಾರದೆಂದು ತಾತ ಸೋಡದ ಡಬ್ಬವನ್ನೇ ಕೋಣೆಗೆ ಒಯ್ದಿದ್ದರಂತೆ. ಅಂದಿನಿಂದ ಮನೆಯಲ್ಲಿ ಬೋಂಡ ಇಲ್ಲ.

ತಾತ ನನ್ನೊಬ್ಬಳನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿದರು. ತೊಟ್ಟಿಯ ಮುಂದೆ ಕುಕ್ಕರಿಸಿ ಕೂತೆ. ಹವಳ ಅರಳಿತ್ತು. ಒಂದೊಂದು ಎಸಳೂ ಹೊರಗೆ ಚಾಚಿ, ನೀರಿನಲ್ಲಿ ಸೋಮಾರಿಯಾಗಿ ತೂಗುತ್ತಿತ್ತು. ಕಣ್ಣು ಒರೆಸಿಕೊಳ್ಳುತ್ತಿದ್ದಾಗ ತಾತ ಕಿವಿಯ ಬಳಿ ಬಗ್ಗಿ, ಉಸಿರಿನಲ್ಲೇ ಅಂದರು, "ಎಂಟು."

ಹೊರಡಲು ಎದ್ದರೆ ಬಾಗಿಲಿಗೆ ಅಡ್ಡ ನಿಂತರು. ಸೆರಗು ಒದರಬೇಕಂತೆ, ಕೈ ಬಿಚ್ಚಿ ತೋರಿಸಬೇಕಂತೆ. ಇದು ನನ್ನದೇ ತೊಟ್ಟಿ ತಾತ ಅಂದೆ. ಗಣಿ ಗೇಟಿನಲ್ಲಿ ದೊಡ್ಡ ದೊರೆಗಳನ್ನೂ ಶೋಧಿಸದೆ ಬಿಡುತ್ತಿರಲಿಲ್ಲ ಅಂದರು. ಒದರಿದೆ. ತೊಟ್ಟಿಯ ಎರಡು ಮರಳಿನ ಕಣ ಬಿದ್ದವು. ಅವನ್ನು ಒದ್ದೆ ಬೆರಳಿನಿಂದ ಎತ್ತಿ ನೀರಿಗೆ ಹಾಕಿ, ದಾರಿ ಬಿಟ್ಟರು.

ಹೊರಗೆ ಹಾಲಿನವಳು ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಎಷ್ಟು ಬಂತಮ್ಮ?"

ಇದು ಮೀನು ಸಾಕುವ ನೀರು, ಇದರಲ್ಲಿ ಚಿನ್ನವೂ ಇಲ್ಲ ಮಣ್ಣೂ ಇಲ್ಲ, ಬರೀ ಎಂಟು ಹನಿ ಕ್ಷಾರ ಎಂದು ಬಿಡಿಸಿ ಹೇಳಲು ಬಾಯಿ ತೆರೆದೆ. ತಾತ ಬೆನ್ನ ಹಿಂದೆ ಒಂದೇ ಒಂದು ಸಲ ಕೆಮ್ಮಿದರು. ನನ್ನ ಹವಳವನ್ನು ಉಳಿಸಿಕೊಟ್ಟ ಮನುಷ್ಯ.

"ಹೇಳೋ ಹಾಗಿಲ್ಲ ಕಣಮ್ಮ" ಅಂದೆ.

ಹಾಲಿನವಳು ಹಿಂದಿದ್ದವರ ಕಡೆ ತಿರುಗಿದಳು. "ಕೇಳಿಸ್ತೇನ್ರಲಾ? ಅಷ್ಟೊಂದು ಬಂದೈತೆ."