ಗಡಿ ದಾಟಿದ ಸೌತೆಬೀಜ

ಕಾನೂನು ಎಂದರೆ ನನಗೆ ಮೊದಲಿನಿಂದಲೂ ಅಳುಕು. ರೈಲಿನಲ್ಲಿ ಟಿಕೆಟ್ ಕೈಯಲ್ಲೇ ಇದ್ದರೂ ಟಿ.ಸಿ. ಬಂದ ಕೂಡಲೇ ಕಳ್ಳಿಯ ಹಾಗೆ ಕಿಟಕಿಯ ಕಡೆ ನೋಡುವವಳು ನಾನು. ಅಂಥವಳು ತರಕಾರಿ ಬೀಜವನ್ನು ಗುಜರಾತಿನಿಂದ ಕರ್ನಾಟಕಕ್ಕೆ ಕಳಿಸಲು ಹೊರಟರೆ ಏನಾಗಬೇಕೋ ಅದೇ ಆಯಿತು.

ಬ್ರಹ್ಮಾವರದಿಂದ ದೊಡ್ಡಮ್ಮ ಫೋನ್ ಮಾಡಿದ್ದರು. "ಈ ಸಲ ಸೌತೆಬಳ್ಳಿ ಎಲ್ಲ ಕೊಳೆತು ಹೋಯ್ತು ಮಾರಾಯ್ತಿ. ಬೀಜಕ್ಕೆ ಅಂತ ಒಂದು ಕಾಯಿಯೂ ಉಳೀಲಿಲ್ಲ. ನಮ್ಮ ಅಮ್ಮ ಇಟ್ಟುಕೊಂಡು ಬಂದ ಬೀಜ ಅದು. ನಿನ್ನ ಹತ್ರ ಉಂಟಾ?" ಇಡೀ ಕೇರಿಗೆ ಬೀಜ ಹಂಚುತ್ತಿದ್ದವರು ನನ್ನನ್ನು ಕೇಳುತ್ತಿದ್ದರು, ದನಿ ಸಣ್ಣದಾಗಿತ್ತು. ನನಗೆ ಸಂಕಟವಾಯಿತು. ಅವರೇ ಹಿಂದೆ ಕೊಟ್ಟಿದ್ದ ಬೀಜ ಇಲ್ಲಿ ಗುಜರಾತಿನ ಚಾಂದ್‌ಖೇಡಾದಲ್ಲಿ ನಮ್ಮ ಕ್ವಾರ್ಟರ್ಸಿನ ತಾರಸಿಯಲ್ಲಿ ಹಬ್ಬಿತ್ತು. ಇನ್ನು ಆ ಸೌತೆ ಉಳಿದಿದ್ದರೆ ಇಲ್ಲೇ.

ನಮ್ಮ ಕಡೆ ಸೌತೆಬೀಜವನ್ನು ಬೂದಿಯಲ್ಲಿ ಹೊರಳಿಸದೆ ಯಾರೂ ಇಡುವುದಿಲ್ಲ, ಹುಳ ಹಿಡಿಯುತ್ತದೆ. ಕ್ವಾರ್ಟರ್ಸಿನಲ್ಲಿ ಸೌದೆ ಒಲೆ ಎಲ್ಲಿಂದ ಬರಬೇಕು? ಇಸ್ತ್ರಿಯವನನ್ನು ಕಾಡಿ ಬೇಡಿ ಇದ್ದಿಲ ಬೂದಿ ತಂದು, ಬೀಜಕ್ಕೆ ಬಳಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊರಿಯರ್ ಅಂಗಡಿಗೆ ಹೋದೆ. ಜೊತೆಗೆ ಮಣ್ಣುಸಮೇತ ಒಂದು ಸಸಿಯನ್ನೂ ಒಯ್ದಿದ್ದೆ.

ಕೌಂಟರಿನ ಮನ್ಸುಖ್‌ಭಾಯಿ ಸಸಿಯನ್ನು ನೋಡಿಯೇ ಕೈಯಾಡಿಸಿದರು. ಮಣ್ಣು ಕೂಡದು, ಇಲ್ಲಿನ ಹುಳ ರೋಗ ಅಲ್ಲಿಗೆ ಹೋಗಬಾರದು. ಬೀಜವಾದರೆ ಒಣಗಿರಬೇಕು, ಶುದ್ಧವಾಗಿರಬೇಕು, ಮೇಲೆ ಹೆಸರು ಬರೆದಿರಬೇಕು. ಆಮೇಲೆ ಚೀಲವನ್ನು ಬೆಳಕಿಗೆ ಹಿಡಿದು, "ಬೆನ್, ಆ ಶು ಛೆ?" ಎಂದರು. ಇದೇನು ಎಂದು ಕೇಳಿದ್ದಷ್ಟೆ. ಬೂದುಬಣ್ಣದ ಪುಡಿ, ಬೆವರುತ್ತಿರುವ ಹೆಂಗಸು: ಅವರ ಜಾಗದಲ್ಲಿದ್ದರೆ ನನ್ನನ್ನು ನಾನೇ ಪೊಲೀಸರಿಗೆ ಹಿಡಿದುಕೊಡುತ್ತಿದ್ದೆ. ಪುಡಿಯಿದ್ದರೆ ತೆಗೆದುಕೊಳ್ಳುವಂತಿಲ್ಲವಂತೆ. ದೊಡ್ಡಮ್ಮನ ಬಿತ್ತನೆಯ ಹದ ತಪ್ಪುತ್ತದೆ, ಇವತ್ತೇ ಹೋಗಬೇಕು ಎನ್ನುತ್ತ ಕಣ್ಣೊರೆಸಿಕೊಂಡೆ.

ಆಗ ಸಾಲಿನಲ್ಲಿ ಹಿಂದಿದ್ದ ಹಂಸಾಬೆನ್, ನಮ್ಮ ಪಕ್ಕದ ಬ್ಲಾಕಿನವರು, "ಅಳೋದು ಯಾಕೆ? ಬೂದಿ ತಾನೇ!" ಎಂದು ಹಿಂದಿಯಲ್ಲಿ ಗದರಿ ಚೀಲ ಕಿತ್ತುಕೊಂಡರು. ಚಹಾದಂಗಡಿಯಿಂದ ಒಣ ಜಾಲರಿ ಬಂತು. ಒಬ್ಬರು ಜರಡಿ ಹಿಡಿದರು, ಒಬ್ಬರು ದುಪಟ್ಟಾದಲ್ಲಿ ಉಜ್ಜಿದರು, ಒಬ್ಬರು ಊದಿದರು. ಮನ್ಸುಖ್‌ಭಾಯಿ ನಿಯಮ ಸಡಿಲಿಸಲಿಲ್ಲ, ಬೂದಿ ಹಾರದಂತೆ ಫ್ಯಾನ್ ಮಾತ್ರ ಆರಿಸಿದರು. ಆ ಸೆಖೆಯಲ್ಲಿ ಸಾಲು ಒಂದು ಮಾತೂ ಗೊಣಗಲಿಲ್ಲ. ಎಂದೂ ಕಾಣದ ದೊಡ್ಡಮ್ಮನಿಗಾಗಿ ಬೂದಿ ಮೆತ್ತಿಸಿಕೊಂಡ ಆ ಮುಖಗಳನ್ನು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ.

ಬೀಜ ತಲುಪಿತು, ಮೊಳೆಯಿತು, ಕಾಯಿಯೂ ಬಿಟ್ಟಿತು. ಮೊನ್ನೆ ದೊಡ್ಡಮ್ಮನ ಫೋನು.

"ಬಳ್ಳಿ ಉಳೀತು, ನಿನಗೆ ಪುಣ್ಯ ಬರ್ಲಿ. ಆದ್ರೆ ಸೌತೆ ಎಂತದ್ದು ಸಿಹಿ ಸಿಹಿ ಉಂಟಲ್ಲ?"

ನಾನು ತಲೆಯ ಮೇಲೆ ಕೈಯಿಟ್ಟೆ. ಹಂಸಾಬೆನ್ ಪಕ್ಕದ ತಾರಸಿಯಲ್ಲಿ ಖರಬೂಜ ಬೆಳೆಸಿದ್ದರು. ಹುಳಿಗೆ ಹಾಕುವ ನಮ್ಮ ಸೌತೆಯೂ ಖರಬೂಜದ ಜಾತಿಯೇ; ದುಂಬಿಗೆ ಎರಡೂ ಒಂದೇ, ಪರಾಗ ಬೆರೆಸಿಬಿಟ್ಟಿದೆ. ಅಮ್ಮಮ್ಮನ ತಳಿ ಕೆಡಿಸಿಬಿಟ್ಟೆ ಎಂದು ಗೋಳಾಡಿದೆ.

"ಸುಮ್ನಿರು" ಎಂದರು ದೊಡ್ಡಮ್ಮ. "ಹುಳಿಗೆ ಬೆಲ್ಲ ಹಾಕುವ ಕೆಲಸ ಇಲ್ಲ. ಹೋದ ಸಲ ಬಂದಾಗ ನೀನು ಮಾಡಿದ ಸಾರೂ ಹೀಗೇ, ಗುಜರಾತಿನವರದ್ದರ ಹಾಗೆ ಸಿಹಿ ಇತ್ತು. ಬೇಜಾರಾಗ್ತದೆ ಅಂತ ನಾವು ಯಾರೂ ಹೇಳ್ಲಿಲ್ಲ."